ಟರ್ಬೋ ಮ್ಯಾನಿಫೋಲ್ಡ್ ಮಾಡಿಸುವ ಮುನ್ನ

(ಟ್ರ್ಯಾಕ್ಟರ್ ಮಾಲೀಕರು ಹಾಗೂ ಗ್ರಾಮೀಣ ಮೆಕ್ಯಾನಿಕರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ನಿಮ್ಮಿಂದ ಬರೆಸಿಕೊಂಡ ಪ್ರಶ್ನೆಗಳ ಚೀಟಿಗಳಲ್ಲಿ ಒಂದೇ ವಿಷಯ ಮತ್ತೆ ಮತ್ತೆ ಬಂದಿದೆ. ಟರ್ಬೋ ಇಲ್ಲದ ಹಳೆಯ ಮೂರು ಸಿಲಿಂಡರಿನ ಟ್ರ್ಯಾಕ್ಟರಿಗೆ ಗುಜರಿಯಿಂದ ತಂದ ಟರ್ಬೋ ಕೂರಿಸಬಹುದೇ, ಅದಕ್ಕೆ ಬೇಕಾದ ಮ್ಯಾನಿಫೋಲ್ಡನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದೇ, ಖರ್ಚು ಹುಟ್ಟುವಳಿಯಾಗುತ್ತದೆಯೇ ಎಂಬುದು ಆ ಪ್ರಶ್ನೆ. ಇನ್ನೊಂದು ಚೀಟಿಯಲ್ಲಿ ಬೇರೆ ರೀತಿಯ ಪ್ರಶ್ನೆಯಿದೆ. ಕಂಪನಿಯಿಂದಲೇ ಟರ್ಬೋ ಜೊತೆ ಬಂದ ಇಂಜಿನ್, ಅದರ ಮ್ಯಾನಿಫೋಲ್ಡು ಸೀಳಿದೆ, ಬಿಡಿಭಾಗ ಸಿಗುತ್ತಿಲ್ಲ, ಮಾಡಿಸಬಹುದೇ ಎಂದು ಅವರು ಕೇಳಿದ್ದಾರೆ. ಮೇಲ್ನೋಟಕ್ಕೆ ಎರಡೂ ಒಂದೇ ಎನಿಸಿದರೂ ಉತ್ತರಗಳು ಬೇರೆ ಬೇರೆ. ಮೊದಲನೆಯದಕ್ಕೆ ಬಹುಪಾಲು ಸಂದರ್ಭಗಳಲ್ಲಿ ಬೇಡ ಎಂದೇ ಹೇಳಬೇಕಾಗುತ್ತದೆ. ಎರಡನೆಯದಕ್ಕೆ, ಸರಿಯಾಗಿ ಮಾಡಿಸುವುದಾದರೆ, ಆಗಬಹುದು. ಏಕೆ ಹಾಗೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಮ್ಯಾನಿಫೋಲ್ಡು ಎಂದರೆ ಸಿಲಿಂಡರುಗಳಿಂದ ಹೊರಬರುವ ಬಿಸಿ ಹೊಗೆಯನ್ನು ಒಂದು ಕಡೆ ಕೂಡಿಸುವ ಕೊಳವೆ. ಸಾಮಾನ್ಯ ಇಂಜಿನಿನಲ್ಲಿ ಅದು ಹೊಗೆಯನ್ನು ನೇರವಾಗಿ ಸೈಲೆನ್ಸರಿಗೆ ಕಳಿಸುತ್ತದೆ. ಟರ್ಬೋ ಇಂಜಿನಿನಲ್ಲಿ ಮೊದಲು ಟರ್ಬೋದ ಚಕ್ರಕ್ಕೆ ಕಳಿಸುತ್ತದೆ. ಹೊಗೆಯ ರಭಸಕ್ಕೆ ಆ ಚಕ್ರ ತಿರುಗುತ್ತದೆ, ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ವ್ಯರ್ಥವಾಗಿ ಹೋಗುವ ಹೊಗೆಯಿಂದಲೇ ಗಾಳಿ ತುಂಬಿಸುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟ್ ಪಡೆದರು. ಕಾರ್ಖಾನೆಯಿಂದಲೇ ಟರ್ಬೋ ಜೊತೆ ಬಂದ ಮೊದಲ ಡೀಸೆಲ್ ಟ್ರ್ಯಾಕ್ಟರುಗಳಲ್ಲಿ ಅಮೆರಿಕದ ಆಲಿಸ್ ಚಾಮರ್ಸ್ ಕಂಪನಿಯ ಡಿ-19 ಒಂದು. ಅದು ಮಾರುಕಟ್ಟೆಗೆ ಬಂದದ್ದು 1961ರಲ್ಲಿ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಮಂದಿಯಲ್ಲಿದೆ. ಟರ್ಬೋ ಶಕ್ತಿ ಕೊಡುತ್ತದೆ ಎಂದುಕೊಳ್ಳುತ್ತಾರೆ. ಟರ್ಬೋ ಕೊಡುವುದು ಗಾಳಿಯನ್ನು ಮಾತ್ರ. ಶಕ್ತಿ ಬರುವುದು ಡೀಸೆಲಿನಿಂದ. ಒಂದು ಲೀಟರ್ ಡೀಸೆಲಿನಿಂದ ಒಳ್ಳೆಯ ಸ್ಥಿತಿಯಲ್ಲಿರುವ ಟ್ರ್ಯಾಕ್ಟರ್ ಇಂಜಿನ್ ಸುಮಾರು 4 ಅಶ್ವಶಕ್ತಿಯನ್ನು ಒಂದು ಗಂಟೆಯ ಕಾಲ ಕೊಡಬಲ್ಲದು. 40 ಅಶ್ವಶಕ್ತಿ ಬೇಕೆಂದರೆ ಗಂಟೆಗೆ 10 ಲೀಟರ್ ಉರಿಯಲೇಬೇಕು, ಟರ್ಬೋ ಇರಲಿ, ಬಿಡಲಿ.

ಆ ಡೀಸೆಲ್ ಉರಿಯಲು ಗಾಳಿ ಬೇಕು. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಲೆಕ್ಕಕ್ಕೆ ಸುಮಾರು 14.5 ಕಿಲೋ ಗಾಳಿ ಸಾಕು. ಆದರೆ ಸಿಲಿಂಡರಿನೊಳಗೆ ಡೀಸೆಲ್ ತುಂತುರಾಗಿ ಬೀಳುವುದರಿಂದ ಎಲ್ಲ ಗಾಳಿಯೂ ಅದಕ್ಕೆ ಸಿಗುವುದಿಲ್ಲ. ಕಪ್ಪು ಹೊಗೆ ಬಾರದಂತೆ ಉರಿಯಬೇಕಾದರೆ 20 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ. ಎರಡೂವರೆ ಲೀಟರಿನ ಒಂದು ಇಂಜಿನನ್ನು ತೆಗೆದುಕೊಳ್ಳಿ. ನಿಮಿಷಕ್ಕೆ 2000 ಸುತ್ತು ತಿರುಗುವಾಗ ಅದು 1000 ಸಲ ಉಸಿರೆಳೆಯುತ್ತದೆ, ಎಂದರೆ ನಿಮಿಷಕ್ಕೆ 2500 ಲೀಟರ್, ಗಂಟೆಗೆ 150 ಘನಮೀಟರ್. ವಾಲ್ವು, ಕೊಳವೆಗಳ ತಡೆಯಿಂದಾಗಿ ಇದರಲ್ಲಿ ಶೇಕಡಾ 85ರಷ್ಟು ಮಾತ್ರ ಒಳಗೆ ಹೋಗುತ್ತದೆ. ಬಯಲುಸೀಮೆಯ ಬಿಸಿಲಿನಲ್ಲಿ ಅದರ ತೂಕ ಸುಮಾರು 145 ಕಿಲೋ. ಇಪ್ಪತ್ತರಿಂದ ಭಾಗಿಸಿದರೆ ಗಂಟೆಗೆ 7 ಕಿಲೋ ಚಿಲ್ಲರೆ ಡೀಸೆಲ್, ಅಂದರೆ 8.7 ಲೀಟರಿನಷ್ಟು. ಅದರಿಂದ ಸಿಗುವುದು 35 ಅಶ್ವಶಕ್ತಿ. ನಿಮ್ಮ 35ರ ಟ್ರ್ಯಾಕ್ಟರಿನ ಮಿತಿ ಎಲ್ಲಿಂದ ಬಂತು ಎಂಬುದು ಇದರಿಂದ ತಿಳಿಯುತ್ತದೆ. ಫ್ಯುಯೆಲ್ ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಹೆಚ್ಚಿಸಿದರೆ ಹೊಗೆ ಕಪ್ಪಾಗುತ್ತದೆಯೇ ಹೊರತು ಎಳೆತ ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ.

ಈಗ ಟರ್ಬೋ ಕೂರಿಸಿ ಗಾಳಿಯ ಒತ್ತಡವನ್ನು ಒಂದೂವರೆ ಪಟ್ಟು ಮಾಡಿದೆವು ಎನ್ನೋಣ. ಗಾಳಿಯೂ ಒಂದೂವರೆ ಪಟ್ಟು ಸಿಕ್ಕಿತೇ? ಇಲ್ಲ. ಸೈಕಲ್ ಪಂಪು ಒತ್ತಿದಾಗ ಅದರ ಬುಡ ಬಿಸಿಯಾಗುವುದನ್ನು ನೀವೆಲ್ಲ ಕಂಡಿದ್ದೀರಿ. ಹಾಗೆಯೇ ಒತ್ತಿದ ಗಾಳಿ ಬಿಸಿಯಾಗಿ ಹಿಗ್ಗುತ್ತದೆ. 30 ಡಿಗ್ರಿಯ ಗಾಳಿ 85 ಡಿಗ್ರಿಯ ಆಚೀಚೆಗೆ ಏರುತ್ತದೆ. ಲೆಕ್ಕ ಹಾಕಿದರೆ ತೂಕದಲ್ಲಿ ಹೆಚ್ಚುವ ಗಾಳಿ ಶೇಕಡಾ 25ರಷ್ಟು. ಪಂಪಿನಲ್ಲಿ ಅಷ್ಟೇ ಡೀಸೆಲ್ ಹೆಚ್ಚಿಸಿದರೆ 35ರ ಇಂಜಿನ್ 43-44ಕ್ಕೆ ಬರಬಹುದು. ಡೀಸೆಲ್ ಹೆಚ್ಚಿಸದೆ ಬಿಟ್ಟರೆ ಹೊಗೆ ತಿಳಿಯಾಗುತ್ತದೆ, ಇಂಜಿನ್ ಸ್ವಲ್ಪ ತಂಪಾಗಿ ಓಡುತ್ತದೆ, ಎಳೆತದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರುವುದಿಲ್ಲ.

ಹಾಗಾದರೆ ಎಂಟೊಂಬತ್ತು ಅಶ್ವಶಕ್ತಿ ಸಿಕ್ಕಿತಲ್ಲ, ಬೇಡವೆನ್ನುವುದೇಕೆ ಎಂದು ಕೇಳುವಿರಿ. ಅದನ್ನು ಹೊರುವವರು ಯಾರು ಎಂಬುದು ನನ್ನ ಪ್ರಶ್ನೆ. ಪಿಸ್ಟನ್ ಅಲ್ಯುಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯುಮಿನಿಯಂ ಕರಗುವುದು 660 ಡಿಗ್ರಿಯಲ್ಲಿ. ಉರಿಯುವ ಅನಿಲದ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ಆದರೂ ಪಿಸ್ಟನ್ ಉಳಿಯುವುದು ಬಂದ ಬಿಸಿಯನ್ನು ರಿಂಗುಗಳ ಮೂಲಕ ಸಿಲಿಂಡರಿಗೂ ಕೆಳಗಿನಿಂದ ಎಣ್ಣೆಗೂ ಕೂಡಲೇ ದಾಟಿಸುವುದರಿಂದ. ಟರ್ಬೋಗೆಂದೇ ಮಾಡಿದ ಇಂಜಿನುಗಳಲ್ಲಿ ಸಾಮಾನ್ಯವಾಗಿ ಪಿಸ್ಟನ್ನಿನ ತಳಕ್ಕೆ ಎಣ್ಣೆ ಚಿಮ್ಮಿಸುವ ನಳಿಕೆಗಳಿರುತ್ತವೆ, ಮೇಲಿನ ರಿಂಗಿನ ಗಾಡಿಗೆ ಗಟ್ಟಿ ಕಬ್ಬಿಣದ ಬಳೆ ಕೂರಿಸಿರುತ್ತಾರೆ, ಕಂಪ್ರೆಷನ್ ಪ್ರಮಾಣವನ್ನು ಕಡಿಮೆ ಮಾಡಿರುತ್ತಾರೆ, ಹೆಡ್ ಗ್ಯಾಸ್ಕೆಟ್ಟು ಹೆಚ್ಚು ಒತ್ತಡ ತಡೆಯುವಂಥದ್ದು. ಎಣ್ಣೆ ತಂಪು ಮಾಡಲು ಕೂಲರ್ ಕೂಡ ಇರುವುದುಂಟು. ನಮ್ಮ ಹಳೆಯ ಇಂಜಿನಿನಲ್ಲಿ ಇವು ಯಾವುವೂ ಇರುವುದಿಲ್ಲ. ಇಂಜಿನ್ ಹೇಗೋ ತಡೆದುಕೊಂಡಿತು ಎನ್ನಿ, ಮುಂದಿನ ಸರದಿ ಕ್ಲಚ್ಚಿನದು, ಆಮೇಲೆ ಗೇರು ಬಾಕ್ಸಿನದು, ಕೊನೆಗೆ ಹಿಂದಿನ ಅಚ್ಚಿನದು. ಜಾನ್ ಡೀರ್ ಕಂಪನಿ 1960ರ ದಶಕದ ಕೊನೆಯಲ್ಲಿ ತನ್ನ ಮೊದಲ ಟರ್ಬೋ ಟ್ರ್ಯಾಕ್ಟರ್ 4520 ಅನ್ನು ತಂದಾಗ ಹಳೆಯ ಮಾದರಿಗೆ ಟರ್ಬೋ ಸಿಕ್ಕಿಸಿ ಸುಮ್ಮನಾಗಲಿಲ್ಲ, ಇಂಜಿನನ್ನೂ ಅದರ ಹಿಂದಿನ ಗೇರು, ಅಚ್ಚುಗಳನ್ನೂ ಬಲಪಡಿಸಿತು. ಕಾರ್ಖಾನೆಯವರು ಸುಮ್ಮಸುಮ್ಮನೆ ದುಡ್ಡು ಸುರಿಯುವವರಲ್ಲ.

ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಜಗ್ಗುವ ಪಂದ್ಯ ನಡೆಯುವಾಗ ಟರ್ಬೋ ಹಾಕಿದ ಗಾಡಿ ಗೆದ್ದದ್ದನ್ನು ನೋಡಿದ ಹುಡುಗರು ಮನೆಗೆ ಬಂದು ಅಪ್ಪನನ್ನು ಪೀಡಿಸುತ್ತಾರೆ. ಪಂದ್ಯ ಒಂದೆರಡು ನಿಮಿಷದ್ದು. ಎರೆಭೂಮಿಯಲ್ಲಿ ನೇಗಿಲು ಹೂಡಿದರೆ ಅದೇ ಹೊರೆಯನ್ನು ಎಂಟು ಗಂಟೆ ಹೊರಬೇಕು. ಎರಡಕ್ಕೂ ಹೋಲಿಕೆಯೇ ಇಲ್ಲ.

ಆದ್ದರಿಂದ ಮ್ಯಾನಿಫೋಲ್ಡಿನ ಮಾತಿಗೆ ಮೊದಲು, ನಿಮ್ಮ ಟ್ರ್ಯಾಕ್ಟರಿಗೆ ನಿಜವಾಗಿ ಏನು ಕೊರತೆಯಾಗಿದೆ ಎಂಬುದನ್ನು ಕಂಡುಕೊಳ್ಳಬೇಕು. ಇದಕ್ಕೆ ದುಬಾರಿ ಉಪಕರಣಗಳು ಬೇಡ. ಗಟ್ಟಿ ಹೊರೆ ಇಟ್ಟು ಓಡಿಸುವಾಗ ಹೊಗೆಯ ಬಣ್ಣವನ್ನೂ ಚಕ್ರಗಳನ್ನೂ ನೋಡಿದರೆ ಸಾಕು. ಇಂಜಿನಿನ ವೇಗ ಕುಸಿಯುತ್ತಿದೆ, ಆದರೆ ಹೊಗೆ ತಿಳಿಯಾಗಿಯೇ ಇದೆ ಎಂದರೆ ಗಾಳಿಗೆ ಕೊರತೆಯಿಲ್ಲ, ಡೀಸೆಲ್ ಸಾಲದು. ಫಿಲ್ಟರ್ ಕಟ್ಟಿರಬಹುದು, ಪೈಪಿನಲ್ಲಿ ಗಾಳಿ ಸೇರುತ್ತಿರಬಹುದು, ಪಂಪು ಸವೆದಿರಬಹುದು. ಅಂಥ ಇಂಜಿನಿಗೆ ಟರ್ಬೋ ಕೂರಿಸುವುದು ಹಸಿದವನಿಗೆ ಇನ್ನೊಂದು ತಟ್ಟೆ ಇಟ್ಟ ಹಾಗೆ. ಹೊಗೆ ಕಪ್ಪಾಗಿದ್ದರೆ ಗಾಳಿ ಸಾಲದು ಅಥವಾ ಡೀಸೆಲ್ ಸರಿಯಾಗಿ ತುಂತುರಾಗುತ್ತಿಲ್ಲ. ಏರ್ ಕ್ಲೀನರ್ ತೊಳೆದು ಎಷ್ಟು ದಿನವಾಯಿತು? ಟ್ಯಾಪೆಟ್ ಅಂತರ ನೋಡಿಸಿ ಎಷ್ಟು ಗಂಟೆಯಾಯಿತು? ನಾಜಲ್‌ಗಳ ಒತ್ತಡ ಪರೀಕ್ಷೆ ಯಾವಾಗ ಆಗಿತ್ತು? ಇವನ್ನೆಲ್ಲ ಸರಿಪಡಿಸಿದ ಮೇಲೆ ಎಷ್ಟೋ ಟ್ರ್ಯಾಕ್ಟರುಗಳು ಕಳೆದುಕೊಂಡಿದ್ದ ಶಕ್ತಿಯನ್ನು ಮರಳಿ ಪಡೆಯುತ್ತವೆ, ಟರ್ಬೋ ವಿಚಾರವೇ ಮರೆತುಹೋಗುತ್ತದೆ.

ಇನ್ನು ಚಕ್ರ. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ನೇಗಿಲನ್ನು ಎತ್ತಿಕೊಂಡು ಹೊಲದಲ್ಲಿ ಹತ್ತು ಸುತ್ತು ಓಡಿಸಿ ದೂರ ಅಳೆಯಿರಿ. 40 ಮೀಟರ್ ಬಂತೆನ್ನಿ. ನೇಗಿಲು ಇಳಿಸಿ ಅದೇ ಹತ್ತು ಸುತ್ತು ಓಡಿಸಿದಾಗ 34 ಮೀಟರ್ ಬಂದರೆ ಜಾರುವಿಕೆ ಶೇಕಡಾ 15. ಅಷ್ಟಿದ್ದರೆ ಅಡ್ಡಿಯಿಲ್ಲ. 30 ಮೀಟರ್ ಮಾತ್ರ ಬಂದರೆ ಜಾರುವಿಕೆ ಶೇಕಡಾ 25, ಚಕ್ರಕ್ಕೆ ಬಂದ ಶಕ್ತಿಯಲ್ಲಿ ಕಾಲು ಭಾಗ ಮಣ್ಣು ಕೆದರುವುದರಲ್ಲೇ ಹೋಗುತ್ತಿದೆ. ಇಂಥ ಟ್ರ್ಯಾಕ್ಟರಿಗೆ ಹೆಚ್ಚು ಶಕ್ತಿ ಕೊಟ್ಟರೆ ಇನ್ನಷ್ಟು ಜಾರುತ್ತದೆ. ಅದಕ್ಕೆ ಬೇಕಾದದ್ದು ಟೈರು, ಟೈರಿನೊಳಗೆ ನೀರು, ಇಲ್ಲವೇ ಚಕ್ರಕ್ಕೆ ಕಬ್ಬಿಣದ ತೂಕ. ರೋಟವೇಟರಿಗೆ ಈ ಮಾತು ಅನ್ವಯಿಸುವುದಿಲ್ಲ, ಅಲ್ಲಿ ಶಕ್ತಿ ಪಿ.ಟಿ.ಓ. ಮೂಲಕ ಹೋಗುತ್ತದೆ. ಆದರೆ ಅಲ್ಲಿ ಬೇರೆ ತೊಂದರೆಯಿದೆ. ಪಕ್ಕದವರು ಕೊಂಡರೆಂದು ಅಗಲದ ರೋಟವೇಟರ್ ಕೊಂಡು, ಅದನ್ನು ತಿರುಗಿಸಲಾರದ ಟ್ರ್ಯಾಕ್ಟರನ್ನು ದೂರುವವರು ಕಡಿಮೆಯಿಲ್ಲ. ಮಧ್ಯಪ್ರದೇಶದ ಬುಧನಿಯಲ್ಲಿರುವ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆ ಪ್ರತಿ ಮಾದರಿಯ ಟ್ರ್ಯಾಕ್ಟರಿನ ಪಿ.ಟಿ.ಓ. ಶಕ್ತಿಯನ್ನು ಅಳೆದು ವರದಿ ಕೊಡುತ್ತದೆ. ಬಾನೆಟ್ಟಿನ ಮೇಲೆ ಬರೆದ ಅಂಕಿಗಿಂತ ಆ ವರದಿಯ ಅಂಕಿಯನ್ನು ನಂಬಿ ಉಪಕರಣ ಆರಿಸುವುದು ಲೇಸು. ಅದು ಸಾಮಾನ್ಯವಾಗಿ ಬಾನೆಟ್ಟಿನ ಅಂಕಿಗಿಂತ ಕಡಿಮೆಯೇ ಇರುತ್ತದೆ.

ಮಲೆನಾಡಿನ ಕಡೆಯಿಂದ ಬಂದವರು ನಮ್ಮಲ್ಲಿ ಗಾಳಿಯೇ ತೆಳು ಎನ್ನಬಹುದು. ಮಾತು ನಿಜ. ಟರ್ಬೋ ಇಲ್ಲದ ಇಂಜಿನ್ ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು ಶೇಕಡಾ 1ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಚಿಕ್ಕಮಗಳೂರು, ಮಡಿಕೇರಿಗಳ ಎತ್ತರದಲ್ಲಿ ಇದು ಶೇಕಡಾ 10-11 ಆದೀತು. 35ರ ಇಂಜಿನಿಗೆ ಮೂರೂವರೆ ನಾಲ್ಕು ಅಶ್ವಶಕ್ತಿ. ಅದಕ್ಕಾಗಿ ಇಂಜಿನಿನ ಸ್ವರೂಪವನ್ನೇ ಬದಲಿಸುವುದು ದುಬಾರಿಯ ಮದ್ದು.

ಈಗ ಹಣದ ಲೆಕ್ಕಕ್ಕೆ ಬರೋಣ. ಕ್ರಮ ತಿಳಿಯಲೆಂದು ದುಂಡು ಅಂಕಿಗಳನ್ನು ಹಿಡಿಯುತ್ತೇನೆ, ನಿಮ್ಮೂರಿನ ದರಗಳನ್ನು ನೀವೇ ಹಾಕಿಕೊಳ್ಳಬೇಕು. ವೆಲ್ಡಿಂಗ್ ಅಂಗಡಿಯವರು ಮ್ಯಾನಿಫೋಲ್ಡಿಗೆ 12 ಸಾವಿರ ಎಂದರು ಎನ್ನಿ. ಕೇಳುವವರು ಇಷ್ಟೇ ತಾನೇ ಎಂದುಕೊಂಡು ಮುಂಗಡ ಕೊಟ್ಟುಬಿಡುತ್ತಾರೆ. ಆಮೇಲೆ ಟರ್ಬೋ, ಅದಕ್ಕೆ ಎಣ್ಣೆ ಹೋಗುವ ಮತ್ತು ಬರುವ ಕೊಳವೆಗಳು, ಗಾಳಿಯ ಹೋಸುಗಳು, ದೊಡ್ಡ ಏರ್ ಕ್ಲೀನರ್, ಪಂಪಿನ ಕ್ಯಾಲಿಬ್ರೇಷನ್, ಹೊಸ ಹೆಡ್ ಗ್ಯಾಸ್ಕೆಟ್ಟು, ಬಿಗಿ ಕ್ಲಚ್ ಪ್ಲೇಟು, ಸೈಲೆನ್ಸರಿನ ಬದಲಾವಣೆ, ಮೆಕ್ಯಾನಿಕನ ಕೂಲಿ ಎಲ್ಲ ಸೇರಿ 60 ಸಾವಿರ ಮುಟ್ಟುತ್ತದೆ. ಹೊಸದಾಗಿ ಮಾಡಿಸುವ ಮ್ಯಾನಿಫೋಲ್ಡು ಒಟ್ಟು ಖರ್ಚಿನ ಐದನೇ ಒಂದು ಪಾಲು ಮಾತ್ರ. ಲಾಭವೆಷ್ಟು? ಶಕ್ತಿ ಶೇಕಡಾ 20 ಹೆಚ್ಚಿದರೆ ಗಟ್ಟಿ ಕೆಲಸದ 150 ಗಂಟೆ 125ಕ್ಕೆ ಇಳಿಯುತ್ತದೆ, ಉಳಿಕೆ 25 ಗಂಟೆ. ಎಕರೆಗೆ ಉರಿಯುವ ಡೀಸೆಲಿನಲ್ಲಿ ಉಳಿತಾಯ ಅತ್ಯಲ್ಪ, ಏಕೆಂದರೆ ಅದೇ ಮಣ್ಣನ್ನು ಅಷ್ಟೇ ಆಳಕ್ಕೆ ತಿರುವಬೇಕು. ಆ 25 ಗಂಟೆಗಳನ್ನು ಬಾಡಿಗೆಗೆ ಓಡಿಸಿ ಡೀಸೆಲ್, ಚಾಲಕನ ಕೂಲಿ ಕಳೆದು ಗಂಟೆಗೆ 500 ರೂಪಾಯಿ ಉಳಿಸಿದರೆ ವರ್ಷಕ್ಕೆ 12,500. ಹಾಕಿದ ಹಣ ಬರಲು ಐದು ವರ್ಷದ ಹತ್ತಿರ. ಅಷ್ಟರೊಳಗೆ ಇಂಜಿನ್ ಒಮ್ಮೆ ಬಿಚ್ಚಬೇಕಾಗಿ ಬಂದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಇನ್ನು ಸ್ವಂತದ ಹತ್ತು ಎಕರೆಗೆ ಮಾತ್ರ ಟ್ರ್ಯಾಕ್ಟರ್ ಇಟ್ಟುಕೊಂಡವರಿಗೆ ಗಟ್ಟಿ ಕೆಲಸ ವರ್ಷಕ್ಕೆ 30 ಗಂಟೆ ಇದ್ದರೆ ಹೆಚ್ಚು. ಅವರಿಗೆ ಉಳಿಯುವುದು 5 ಗಂಟೆ. ಅಂಥವರು ಆ ಮೂರು ನಾಲ್ಕು ದಿನ ಹತ್ತಿರದ ಕೃಷಿ ಯಂತ್ರಧಾರೆ ಕೇಂದ್ರದಿಂದಲೋ ಊರಿನವರಿಂದಲೋ ದೊಡ್ಡ ಟ್ರ್ಯಾಕ್ಟರ್ ಬಾಡಿಗೆಗೆ ತರುವುದೇ ಸುಲಭ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕಬ್ಬಿನ ಟ್ರೇಲರ್ ಎಳೆಯುತ್ತ ರಸ್ತೆಯಲ್ಲಿ ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ಇಂಥ ಬದಲಾವಣೆಗಳನ್ನೇ. ವಾರಂಟಿ ಅವಧಿಯಲ್ಲಿರುವ ಗಾಡಿಯಾದರೆ ಆ ಹಕ್ಕೂ ಹೋಗುತ್ತದೆ. 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಬಿಗಿಯಾದ ಹೊಗೆ ನಿಯಮಗಳು ಜಾರಿಗೆ ಬಂದಿವೆ. ಆ ಗಾಡಿಗಳಲ್ಲಿ ಡೀಸೆಲ್, ಗಾಳಿಗಳ ಹದವನ್ನು ವಿದ್ಯುನ್ಮಾನ ವ್ಯವಸ್ಥೆಯೇ ನೋಡಿಕೊಳ್ಳುವುದರಿಂದ ಅವುಗಳ ಕೊಳವೆಗಳಿಗೆ ಕೈಹಾಕುವ ವಿಚಾರವನ್ನೇ ಬಿಡುವುದು ಒಳ್ಳೆಯದು.

ಇನ್ನು ಎರಡನೆಯ ಚೀಟಿಯ ಪ್ರಶ್ನೆ. ಇಂಜಿನ್ ಟರ್ಬೋಗೆಂದೇ ಹುಟ್ಟಿದ್ದು, ಒಳಗಿನ ಭಾಗಗಳೆಲ್ಲ ಅದಕ್ಕೆ ತಕ್ಕಂತಿವೆ, ಬೀಡು ಕಬ್ಬಿಣದ ಮ್ಯಾನಿಫೋಲ್ಡು ಮಾತ್ರ ಸೀಳಿದೆ. ಇಲ್ಲಿ ಹೆಚ್ಚಿನ ಶಕ್ತಿಯ ಆಸೆಯಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳುವ ಕೆಲಸ. ಸೀಳಿದ್ದನ್ನು ಗುರುತಿಸುವುದು ಕಷ್ಟವಲ್ಲ. ಸೀಳಿನ ಸುತ್ತ ಮಸಿಯ ಗೆರೆ ಕಾಣುತ್ತದೆ, ಬೆಳಿಗ್ಗೆ ಚಾಲೂ ಮಾಡಿದಾಗ ಟಕ್ ಟಕ್ ಎಂಬ ಸದ್ದು ಬಂದು ಬಿಸಿಯಾದ ಮೇಲೆ ಕಡಿಮೆಯಾಗುತ್ತದೆ, ಟರ್ಬೋಗೆ ಹೋಗಬೇಕಾದ ಹೊಗೆ ಸೋರಿ ಎಳೆತ ಕುಗ್ಗುತ್ತದೆ, ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಕಾಣಿಸಿಕೊಳ್ಳುತ್ತದೆ.

ಮೊದಲ ಆಯ್ಕೆ ಯಾವಾಗಲೂ ಕಂಪನಿಯ ಎರಕದ ಭಾಗವೇ. ಸಿಗುವುದಾದರೆ, ಬೆಲೆ ಹೆಚ್ಚೆನಿಸಿದರೂ ಅದನ್ನೇ ತನ್ನಿ. ಅದೇ ಮಾದರಿಯ ಹಳೆಯ ಇಂಜಿನಿನಿಂದ ತೆಗೆದದ್ದು ಸಿಕ್ಕರೂ ಆದೀತು, ಆದರೆ ಅದರ ಮುಖ ಸೊಟ್ಟಗಾಗಿದೆಯೇ ಎಂದು ನೆಟ್ಟಗಿನ ಪಟ್ಟಿಯಿಟ್ಟು ನೋಡಿ, ಸೊಟ್ಟಗಿದ್ದರೆ ಗ್ರೈಂಡಿಂಗ್ ಮಾಡಿಸಿ. ಎರಡನೆಯದು ಸೀಳಿಗೆ ಬೆಸುಗೆ. ಬೀಡು ಕಬ್ಬಿಣಕ್ಕೆ ಸಾಮಾನ್ಯ ರಾಡು ಹಿಡಿಯುವುದಿಲ್ಲ. ನಿಕ್ಕಲ್ ರಾಡು ಬೇಕು, ಭಾಗವನ್ನು ಮೊದಲು ಪೂರ್ತಿ ಬಿಸಿ ಮಾಡಬೇಕು, ಬೆಸುಗೆಯಾದ ಮೇಲೆ ಒಣ ಮರಳಿನಲ್ಲೋ ಸುಣ್ಣದ ಪುಡಿಯಲ್ಲೋ ಹೂತಿಟ್ಟು ಮರುದಿನದವರೆಗೆ ನಿಧಾನವಾಗಿ ಆರಲು ಬಿಡಬೇಕು. ಅವಸರದಲ್ಲಿ ನೀರು ಚೆಲ್ಲಿದರೆ ಪಕ್ಕದಲ್ಲೇ ಹೊಸ ಸೀಳು ಬೀಳುತ್ತದೆ. ಸಣ್ಣ ಸೀಳಿಗೆ ಇದು ಒಂದು ಹಂಗಾಮು ಸಾಗಿಸಲು ಸಾಕು. ಹಿತ್ತಾಳೆ ಬೆಸುಗೆ ಇಲ್ಲಿ ಬೇಡ, ಟರ್ಬೋದ ಹತ್ತಿರದ ಬಿಸಿಯಲ್ಲಿ ಅದು ಮೆತ್ತಗಾಗುತ್ತದೆ.

ಇವೆರಡೂ ಆಗದಿದ್ದಾಗ ಮಾತ್ರ ಹೊಸದಾಗಿ ಕಟ್ಟಿಸುವ ಪ್ರಶ್ನೆ. ಗಂಗಾವತಿ, ಸಿಂಧನೂರುಗಳ ಕಡೆ ಭತ್ತದ ಕೊಯ್ಲಿಗೆ ಹೊರರಾಜ್ಯಗಳಿಂದಲೂ ಯಂತ್ರಗಳು ಬರುತ್ತವೆ. ಕೊಯ್ಲು ಕೆಲವೇ ವಾರಗಳದ್ದು. ಹಳೆಯ ಮಾದರಿಯ ಒಂದು ಯಂತ್ರ ಹಂಗಾಮಿನ ಮೊದಲ ವಾರದಲ್ಲೇ ಮ್ಯಾನಿಫೋಲ್ಡು ಸೀಳಿ ನಿಂತರೆ, ಬಿಡಿಭಾಗಕ್ಕೆ ಇಪ್ಪತ್ತು ದಿನ ಕಾಯುವುದೆಂದರೆ ವರ್ಷದ ಆದಾಯವನ್ನೇ ಬಿಟ್ಟಂತೆ. ಕೊಯ್ಲಿಗೆ ಕಾದಿರುವ ರೈತನ ಭತ್ತವೂ ಉದುರುತ್ತದೆ. ಅಂಥ ಕಡೆ ಮೂರು ದಿನದಲ್ಲಿ ಮಾಡಿಸಿದ ಮ್ಯಾನಿಫೋಲ್ಡು, ಕಂಪನಿಯದಕ್ಕಿಂತ ಹೆಚ್ಚು ಬೆಲೆಯಾದರೂ, ಲಾಭವೇ.

ಮಾಡಿಸುವುದಾದರೆ ಹೇಗೆ ಎಂಬುದನ್ನು ವರ್ಕ್‌ಷಾಪಿನ ಗೆಳೆಯರು ಗಮನವಿಟ್ಟು ಕೇಳಬೇಕು. ಮೊಬೈಲಿನಲ್ಲಿ ರೇಸ್ ಕಾರುಗಳ ಮ್ಯಾನಿಫೋಲ್ಡುಗಳನ್ನು ನೋಡಿರುತ್ತೀರಿ, ಹಾವಿನಂತೆ ಸುತ್ತಿದ ಸಮ ಉದ್ದದ ತೆಳು ಕೊಳವೆಗಳು, ಹೊಳೆಯುವ ಸ್ಟೇನ್‌ಲೆಸ್ ಸ್ಟೀಲು. ಅವು ನಿಮಿಷಕ್ಕೆ ಆರೇಳು ಸಾವಿರ ಸುತ್ತು ತಿರುಗುವ ಇಂಜಿನಿಗೆ. ಎರಡು ಸಾವಿರದಲ್ಲಿ ಓಡುವ ನಮ್ಮ ಇಂಜಿನಿನಲ್ಲಿ ಹೊಗೆಯ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಬೇಕಾದಷ್ಟು ಸಮಯವಿರುತ್ತದೆ. ಕೊಳವೆಗಳ ಉದ್ದ ಸಮವಾಗಿದ್ದರೂ ಇಲ್ಲದಿದ್ದರೂ ನೇಗಿಲಿಗೆ ವ್ಯತ್ಯಾಸ ತಿಳಿಯದು. ನಮಗೆ ಬೇಕಾದದ್ದು ಗಿಡ್ಡ, ದಪ್ಪ, ಗಟ್ಟಿಯಾದ ದಿಮ್ಮಿಯಂಥ ಮ್ಯಾನಿಫೋಲ್ಡು. ಆದರೆ ನಾಲ್ಕು ಸಿಲಿಂಡರಿನ ಇಂಜಿನಿನಲ್ಲಿ ಟರ್ಬೋದ ಬಾಯಿ ಎರಡು ಭಾಗವಾಗಿದ್ದರೆ ಆ ವಿಂಗಡಣೆಯನ್ನು ಹಾಗೆಯೇ ಉಳಿಸಬೇಕು. ಉರಿಯುವ ಕ್ರಮ 1-3-4-2 ಆದ್ದರಿಂದ 1 ಮತ್ತು 4 ಒಂದು ಬಾಯಿಗೆ, 2 ಮತ್ತು 3 ಇನ್ನೊಂದಕ್ಕೆ ಹೋಗಬೇಕು.

ಬಿಸಿಗೆ ಲೋಹ ಹಿಗ್ಗುವುದೇ ಇಲ್ಲಿನ ದೊಡ್ಡ ಶತ್ರು. 400 ಮಿಲಿಮೀಟರ್ ಉದ್ದದ ಸಾಮಾನ್ಯ ಉಕ್ಕು 500 ಡಿಗ್ರಿ ಬಿಸಿ ಏರಿದರೆ 2.4 ಮಿಲಿಮೀಟರ್ ಹಿಗ್ಗುತ್ತದೆ. ಸ್ಟೇನ್‌ಲೆಸ್ ಸ್ಟೀಲು ಮೂರೂವರೆ ಮಿಲಿಮೀಟರಿನಷ್ಟು ಹಿಗ್ಗುತ್ತದೆ. ಅದನ್ನು ಹಿಡಿದುಕೊಂಡಿರುವ ಸಿಲಿಂಡರ್ ಹೆಡ್ಡು ನೀರಿನಿಂದ ತಂಪಾಗಿರುವುದರಿಂದ ಅಷ್ಟು ಹಿಗ್ಗುವುದಿಲ್ಲ. ಜಾಗ ಬಿಡದಿದ್ದರೆ ಸ್ಟಡ್ ಮುರಿಯುತ್ತದೆ, ಇಲ್ಲವೇ ಬೆಸುಗೆ ಸೀಳುತ್ತದೆ. ಆದ್ದರಿಂದ ನಡುವಿನ ರಂಧ್ರಗಳನ್ನು ಸರಿ ಅಳತೆಗೆ ಕೊರೆದು, ಎರಡು ತುದಿಗಳ ರಂಧ್ರಗಳನ್ನು ಒಂದೂವರೆ ಎರಡು ಮಿಲಿಮೀಟರ್ ದೊಡ್ಡದಾಗಿಡಬೇಕು. ಫ್ಲಾಂಜಿಗೆ 12 ಮಿಲಿಮೀಟರಿಗಿಂತ ತೆಳು ತಗಡು ಬೇಡ. ಕೊಳವೆಗೆ ಸೈಲೆನ್ಸರ್ ಪೈಪು ಬಳಸಬಾರದು, ಗೋಡೆ ಮೂರೂವರೆ ಮಿಲಿಮೀಟರ್ ದಪ್ಪದ ಬೆಸುಗೆಯಿಲ್ಲದ ಉಕ್ಕಿನ ಬೆಂಡುಗಳು ಬೇಕು. ಜಿ.ಐ. ಪೈಪಂತೂ ಖಂಡಿತ ಕೂಡದು, ಅದರ ಸತುವಿನ ಹೊಗೆ ವೆಲ್ಡರನಿಗೆ ಚಳಿಜ್ವರ ತರಿಸುತ್ತದೆ.

ವೆಲ್ಡ್ ಮಾಡುವಾಗ ಫ್ಲಾಂಜನ್ನು ಹಳೆಯ ಹೆಡ್ಡಿಗೋ ದಪ್ಪ ತಗಡಿಗೋ ಬಿಗಿದಿಟ್ಟಿರಬೇಕು. ಆರ್ಗಾನ್ ವೆಲ್ಡಿಂಗ್ ಒಳ್ಳೆಯದು, ಏಕೆಂದರೆ ಒಳಗೆ ಕಿಟ್ಟ ಉಳಿಯುವುದಿಲ್ಲ. ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುವ ಚಕ್ರಕ್ಕೆ ಜೋಳದ ಕಾಳಿನಷ್ಟು ವೆಲ್ಡಿಂಗ್ ಹನಿ ಬಡಿದರೂ ಟರ್ಬೋ ಹಾಳು. ಒಳಭಾಗವನ್ನು ಉಳಿಯಿಂದ, ಗ್ರೈಂಡರಿನಿಂದ ಶುದ್ಧಗೊಳಿಸಿ, ಟರ್ಬೋ ಜೋಡಿಸುವ ಮೊದಲು ಬರಿಯ ಮ್ಯಾನಿಫೋಲ್ಡಿನಲ್ಲೇ ಇಂಜಿನನ್ನು ಹತ್ತು ನಿಮಿಷ ಓಡಿಸಿ. ಸದ್ದು ಬಹಳವಾಗುತ್ತದೆ, ಊರ ಹೊರಗೆ ಮಾಡಿದರೆ ಲೇಸು. ವೆಲ್ಡಿಂಗ್ ಮುಗಿದ ಮೇಲೆ ಫ್ಲಾಂಜಿನ ಮುಖ ಸ್ವಲ್ಪವಾದರೂ ಬಾಗಿರುತ್ತದೆ, ಅದನ್ನು ಮತ್ತೆ ಸಮ ಮಾಡಿಸದೆ ಜೋಡಿಸಬಾರದು. ಗ್ಯಾಸ್ಕೆಟ್ಟು ಲೋಹದ್ದೇ ಆಗಬೇಕು.

ಟರ್ಬೋ ಎಲ್ಲಿ ಕೂರುತ್ತದೆ ಎಂಬುದು ಅಂಗಡಿಯವರು ಮರೆಯುವ ವಿಷಯ. ಅದರ ಎಣ್ಣೆ ಒತ್ತಡದಲ್ಲಿ ಹೋಗುತ್ತದೆ, ಆದರೆ ಮರಳುವುದು ತನ್ನ ಭಾರದಿಂದ. ಮರಳುವ ಕೊಳವೆ ದಪ್ಪವಾಗಿ, ಎಲ್ಲೂ ಏರದೆ ಇಳಿದು, ಸಂಪಿನಲ್ಲಿ ಎಣ್ಣೆಯ ಮಟ್ಟಕ್ಕಿಂತ ಮೇಲೆ ಸೇರಬೇಕು. ಇಲ್ಲದಿದ್ದರೆ ಎಣ್ಣೆ ಸೀಲು ದಾಟಿ ನೀಲಿ ಹೊಗೆ ಬರುತ್ತದೆ, ಟರ್ಬೋ ಕೆಟ್ಟಿತೆಂದು ಸುಮ್ಮನೆ ಬದಲಿಸುತ್ತಾರೆ. ಹಳೆಯ ಮ್ಯಾನಿಫೋಲ್ಡನ್ನು ಬಿಚ್ಚುವ ಮೊದಲೇ ಟರ್ಬೋದ ಎತ್ತರ ಮತ್ತು ಓರೆಯನ್ನು ಅಳೆದು ಬರೆದಿಟ್ಟುಕೊಳ್ಳಿ. ಡೀಸೆಲ್ ಪೈಪು, ಸ್ಟಾರ್ಟರಿನ ವೈರು ಹತ್ತಿರವಿದ್ದರೆ ನಡುವೆ ತಗಡಿನ ಮರೆ ಕಟ್ಟಿ. ಸೈಲೆನ್ಸರಿನ ಭಾರವನ್ನು ಟರ್ಬೋದ ಮೇಲೆ ಹೇರಬಾರದು, ಇಂಜಿನ್ ಬ್ಲಾಕಿಗೆ ಬಿಗಿದ ಬ್ರಾಕೆಟ್ಟು ಅದನ್ನು ಹೊರಲಿ.

ಜೋಡಿಸುವ ಮುನ್ನ ಬಾಯಿಗಳನ್ನು ಮುಚ್ಚಿ, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಬೆಸುಗೆಗಳ ಮೇಲೆ ಸೋಪಿನ ನೀರು ಸವರಿ ನೋಡಿ. ಜೋಡಿಸಿದ ಮೇಲೆ ಇಂಜಿನನ್ನು ಹೊರೆಯಲ್ಲಿ ಒಂದು ಗಂಟೆ ಓಡಿಸಿ, ಪೂರ್ತಿ ಆರಿದ ಬಳಿಕ ನಟ್ಟುಗಳನ್ನು ಮತ್ತೆ ಬಿಗಿ ಮಾಡಿ. ಹತ್ತು ಗಂಟೆಗೊಮ್ಮೆ, ಐವತ್ತು ಗಂಟೆಗೊಮ್ಮೆ ಇದನ್ನೇ ಮಾಡಿ. ನಿಲ್ಲಿಸುವ ಮೊದಲು ಎರಡು ಮೂರು ನಿಮಿಷ ನಿಧಾನ ವೇಗದಲ್ಲಿ ಓಡಲು ಬಿಡಿ, ಇಲ್ಲವಾದರೆ ಬಿಸಿ ಬೇರಿಂಗಿನಲ್ಲಿ ಎಣ್ಣೆ ಕರಿಯಾಗಿ ಅಂಟಿಕೊಳ್ಳುತ್ತದೆ. ಮಾಡಿಸಿದ ದಿನಾಂಕ, ಗಂಟೆ ಮೀಟರಿನ ಅಂಕಿ, ಬಳಸಿದ ಪೈಪಿನ ಅಳತೆ ಇವನ್ನು ಗಾಡಿಯ ಪುಸ್ತಕದಲ್ಲಿ ಬರೆದಿಡಿ. ಮುಂದೆ ಎಲ್ಲಾದರೂ ಸೀಳಿದರೆ, ಎಷ್ಟು ಗಂಟೆ ಬಾಳಿತು, ಯಾವ ಬೆಸುಗೆಯಲ್ಲಿ ಸೀಳಿತು ಎಂಬುದನ್ನೂ ಅದರ ಕೆಳಗೇ ಬರೆಯಿರಿ. ಮತ್ತೊಮ್ಮೆ ಮಾಡಿಸುವಾಗ ವೆಲ್ಡರನ ಕೈಗೆ ಕೊಡಲು ಅದು ಬೇಕಾಗುತ್ತದೆ.